ಅಪ್ಪನ ಆರೈಕೆಗೆ ಊರಿಗೆ ಹೊರಟಾಗ: ಗುತ್ತಿಗೆಯೋ, ಕಾಯಂ ನೌಕರಿಯೋ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 11 ವರ್ಷಗಳಿಂದ ಕಾಯಂ ನೌಕರಿಯಲ್ಲಿದ್ದೇನೆ. ವಾರ್ಷಿಕ ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ವೆಚ್ಚ) 18 ಲಕ್ಷ ರೂಪಾಯಿ, ಮೂಲ ವೇತನ ತಿಂಗಳಿಗೆ 75,000. ಸಾಗರದಲ್ಲಿರುವ ಅಪ್ಪನಿಗೆ ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಭಾಗ ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿಯವರು ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಆ ಹೊತ್ತಿಗೆ ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದು ಅಮ್ಮ ಒಬ್ಬರಿಂದ ಆಗುತ್ತಿಲ್ಲ. ಮಗಳನ್ನು ಕರೆದುಕೊಂಡು ಊರಿಗೆ ಹೋಗಬೇಕೆಂದಿದ್ದೇನೆ. ಪತಿ ಕೆಲಸದ ಕಾರಣ ಬೆಂಗಳೂರಿನಲ್ಲೇ ಇರುತ್ತಾರೆ. ಕಾಯಂ ನೌಕರರು ವಾರಕ್ಕೆ ಮೂರು ದಿನ ಕಚೇರಿಗೆ ಬರಲೇಬೇಕು, ಗುತ್ತಿಗೆಯಾದರೆ ಮನೆಯಿಂದಲೇ ಕೆಲಸ ಮಾಡಬಹುದು, ದಿನಕ್ಕೆ 8,000 ರೂಪಾಯಿ ಕೊಡುತ್ತೇವೆ, ಆರು ತಿಂಗಳಿಗೊಮ್ಮೆ ನವೀಕರಣ ಎಂದು ಕಂಪನಿ ಹೇಳಿದೆ. ಶಿವಮೊಗ್ಗದ ಸಂಸ್ಥೆಯೊಂದು ವರ್ಷಕ್ಕೆ 9 ಲಕ್ಷದ ಕಾಯಂ ಕೆಲಸ ಕೊಡಲು ಸಿದ್ಧವಿದೆ. ಅಪ್ಪ ಅಮ್ಮ ಇಬ್ಬರೂ ಈಗ ನನ್ನ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದಾರೆ. ‘ಕಾಯಂ ಕೆಲಸ ಬಿಡಬೇಡ’ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಯಾವುದನ್ನು ಒಪ್ಪಿಕೊಳ್ಳಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಸಂಬಳದ ಅಂಕಿಗಳಿಗಿಂತ ಮುಖ್ಯವಾದದ್ದು ಬೆಳಿಗ್ಗೆ ಹತ್ತು ಗಂಟೆ ಎಂಬ ಮಾತು. ನೀವು ಊರಿಗೆ ಹೋಗುತ್ತಿರುವುದು ಆ ಹೊತ್ತಿನಲ್ಲಿ ಮನೆಯಲ್ಲಿರಲಿಕ್ಕೆ. ಆದ್ದರಿಂದ ಎರಡು ಕೆಲಸಗಳನ್ನೂ ಮೊದಲು ಅದೇ ಗಂಟೆಯಿಂದ ಅಳೆಯಬೇಕು. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ಒಂಬತ್ತೂವರೆಗೆ ಕಚೇರಿಯಲ್ಲಿರಬೇಕೆಂದರೆ ಏಳೂವರೆಯೊಳಗೆ ಮನೆ ಬಿಡಬೇಕು, ಸಂಜೆ ಮರಳುವಾಗ ಎಂಟಾಗುತ್ತದೆ. ಅರ್ಧ ಸಂಬಳಕ್ಕೆ ಒಪ್ಪಿ ಊರು ಸೇರಿದ ಮೇಲೂ ಅಪ್ಪನನ್ನು ಕುರ್ಚಿಗೆ ಕೂರಿಸುವವರು ಅಮ್ಮ ಒಬ್ಬರೇ ಆಗುವುದಾದರೆ ಆ ಕಾಯಂ ಕೆಲಸದಿಂದ ನಿಮಗೆ ಬೇಕಾದದ್ದು ಸಿಕ್ಕಂತಾಗಲಿಲ್ಲ. ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಶಿವಮೊಗ್ಗದ ಕೆಲಸ ಒಪ್ಪಿಕೊಳ್ಳಿ ಎಂದು ನಾನು ನಿಮಗೆ ಹೇಳಲಾರೆ.

ಹಾಗೆಂದು ಗುತ್ತಿಗೆಯನ್ನು ಕಂಪನಿ ಹೇಳಿದ ದರಕ್ಕೇ ಒಪ್ಪಿಕೊಳ್ಳಬೇಡಿ. ದಿನಕ್ಕೆ 8,000 ಎಂದಾಗ ನಾವೆಲ್ಲ ಮನಸ್ಸಿನಲ್ಲೇ ತಿಂಗಳಿಗೆ 22 ದಿನ, ವರ್ಷಕ್ಕೆ 12 ತಿಂಗಳು ಎಂದು ಗುಣಿಸಿ 21,12,000 ರೂಪಾಯಿ ಎಂದುಕೊಳ್ಳುತ್ತೇವೆ. ಕಾಗದ ತೆಗೆದುಕೊಂಡು ಇನ್ನೊಮ್ಮೆ ಲೆಕ್ಕ ಹಾಕಿ. 365 ದಿನಗಳಲ್ಲಿ ಶನಿವಾರ, ಭಾನುವಾರಗಳು 104, ಉಳಿದದ್ದು 261. ಹಬ್ಬದ ರಜೆಗಳು ಹತ್ತು. ಗುತ್ತಿಗೆಯವರಿಗೆ ಆ ದಿನಗಳ ಹಣವಿಲ್ಲ. ಅಪ್ಪನ ಆಸ್ಪತ್ರೆ, ಮಗಳ ಶಾಲೆ, ನಿಮ್ಮದೇ ಜ್ವರ, ನೆಗಡಿ ಎಂದು ಇಪ್ಪತ್ತು ದಿನ ತೆಗೆಯಿರಿ. ಆರು ತಿಂಗಳಿಗೊಮ್ಮೆ ನವೀಕರಣದ ಕಾಗದಪತ್ರ ತಡವಾಗಿ ವರ್ಷಕ್ಕೆ ಒಟ್ಟು ಮೂರು ವಾರ, ಅಂದರೆ ಹದಿನೈದು ಕೆಲಸದ ದಿನ ಸುಮ್ಮನೆ ಕಳೆಯುತ್ತವೆ ಎಂದಿಟ್ಟುಕೊಳ್ಳಿ. ಉಳಿಯುವುದು 216 ದಿನ, ಕೈಗೆ ಬರುವುದು 17,28,000 ರೂಪಾಯಿ. ಹೆಚ್ಚು ಸಂಬಳ ಎಂದು ಕಂಡದ್ದು ಈಗಿನ ಸಿಟಿಸಿಗಿಂತ 72,000 ರೂಪಾಯಿ ಕಡಿಮೆ. ಇದರಿಂದಲೇ ಆರೋಗ್ಯ ವಿಮೆಯ ಕಂತು, ಲ್ಯಾಪ್‌ಟಾಪ್, ಎರಡು ಕಡೆಯ ಇಂಟರ್ನೆಟ್ ಸಂಪರ್ಕ ಎಲ್ಲವೂ ಆಗಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದಿರುವುದರಿಂದ ಇನ್ವರ್ಟರ್ ಕೂಡ ಬೇಕಾಗುತ್ತದೆ. ಆದ್ದರಿಂದ 10,000 ಕೇಳಿ; 9,000ಕ್ಕಿಂತ ಕೆಳಗೆ ಇಳಿಯಬೇಡಿ. ಕಂಪನಿಗೆ ನಿಮ್ಮ ಹನ್ನೊಂದು ವರ್ಷದ ತಿಳಿವಳಿಕೆ ಬೇಕಾಗಿರುವುದರಿಂದಲೇ ಅವರು ಈ ದಾರಿ ತೋರಿಸಿದ್ದಾರೆ, ಕೇಳಲು ಸಂಕೋಚ ಬೇಡ.

‘ಗುತ್ತಿಗೆ’ ಎಂಬ ಒಂದೇ ಪದದ ಹಿಂದೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ; ನಿಮಗೆ ಕೊಡುತ್ತಿರುವುದು ಯಾವುದೆಂದು ಲಿಖಿತವಾಗಿ ಕೇಳಿ. ಏಜೆನ್ಸಿಯೊಂದರ ಸಂಬಳದ ಪಟ್ಟಿಗೆ ನಿಮ್ಮನ್ನು ಸೇರಿಸಿ ನಿಗದಿತ ಅವಧಿಗೆ ನೇಮಿಸಿಕೊಂಡರೆ ನೀವು ಆ ಏಜೆನ್ಸಿಯ ನೌಕರರು: ಪಿಎಫ್ (ಭವಿಷ್ಯ ನಿಧಿ) ಇರುತ್ತದೆ, ಸಂಬಳ ಮತ್ತು ಕಡಿತವಾದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಬರುತ್ತದೆ, ಆದಾಯಕ್ಕೆ ಸಂಬಳದ ರೀತಿಯಲ್ಲೇ ತೆರಿಗೆ. ನೀವೇ ಪ್ರತಿ ತಿಂಗಳು ಬಿಲ್ ಕೊಟ್ಟು ಹಣ ಪಡೆಯುವುದಾದರೆ ನೀವು ಸ್ವತಂತ್ರ ವೃತ್ತಿನಿರತರು. ಪಿಎಫ್ ಇಲ್ಲ, ಗ್ರಾಚ್ಯುಟಿ (ಸೇವೆ ಬಿಡುವಾಗ ಸಿಗುವ ಇಡಿಗಂಟು) ಇಲ್ಲ, ಬಿಲ್ಲಿನಿಂದ ಸಾಮಾನ್ಯವಾಗಿ ಶೇ. 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮುಂಗಡವಾಗಿ ಹಿಡಿದು ಕಟ್ಟುವ ತೆರಿಗೆ) ಕಡಿತವಾಗುತ್ತದೆ. ಈ ಎರಡನೆಯ ದಾರಿಯಲ್ಲಿ ತೆರಿಗೆಯ ಅನುಕೂಲ ನಿಜವಾಗಿಯೂ ದೊಡ್ಡದು. ಮಾಹಿತಿ ತಂತ್ರಜ್ಞಾನದ ವೃತ್ತಿಯವರು ಅಂದಾಜು ತೆರಿಗೆ ಪದ್ಧತಿಯಲ್ಲಿ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು. 19 ಲಕ್ಷ ಗಳಿಸಿದರೆ ಆದಾಯ ಒಂಬತ್ತೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಬೀಳುವುದಿಲ್ಲ, ಕಡಿತವಾದ ಟಿಡಿಎಸ್ ಕೂಡ ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ. ಈಗಿನ ಸಂಬಳಕ್ಕೆ ನೀವು ಕಟ್ಟುತ್ತಿರುವ ತೆರಿಗೆ ನನ್ನ ಅಂದಾಜಿನಲ್ಲಿ ಸುಮಾರು 1,20,000 ರೂಪಾಯಿ. ಆದರೆ ಹೆಸರಿಗೆ ಸ್ವತಂತ್ರ, ಕೆಲಸವೆಲ್ಲ ನೌಕರರಂತೆಯೇ ಎಂದಾದರೆ ಇಲಾಖೆ ಪ್ರಶ್ನಿಸುವ ಸಾಧ್ಯತೆ ಇರುವುದರಿಂದ ಕರಾರಿನ ಕರಡನ್ನು ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಆ ಶೇ. 18ನ್ನು ನಿಮ್ಮ ದರದ ಮೇಲೆ ಪ್ರತ್ಯೇಕವಾಗಿ ಕೊಡತಕ್ಕದ್ದೆಂದು ಕರಾರಿನಲ್ಲಿ ಬರೆಸಿ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ಅದನ್ನು ಮಾಡಿಸಿಕೊಂಡ ಕಿರು ಉದ್ಯಮಕ್ಕೆ 45 ದಿನಗಳೊಳಗೆ ಹಣ ಪಾವತಿಸಬೇಕೆಂಬ ಕಾನೂನಿನ ಬೆಂಬಲವಿದೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ವಿಷಯ, ಅಪ್ಪನ ವಿಮೆ. ಕೆಲವು ವರ್ಷಗಳ ಹಿಂದೆ ನಾನೂ ಕಾಯಂ ಕೆಲಸ ಬಿಟ್ಟು ತಂದೆಯ ಬಳಿಗೆ ಹೋದವನು. ಹೋದ ಎಂಟನೆಯ ದಿನ ಅವರಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದೆವು. ಕೌಂಟರಿನಲ್ಲಿದ್ದ ಹುಡುಗಿ ನನ್ನ ವಿಮಾ ಕಾರ್ಡಿನ ಸಂಖ್ಯೆಯನ್ನು ಎರಡು ಸಲ ಒತ್ತಿ ನೋಡಿ, ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ‘ಸರ್, ಇದು 31ಕ್ಕೇ ಮುಗಿದಿದೆಯಲ್ಲ’ ಎಂದಳು. ಕಂಪನಿಯ ಗುಂಪು ವಿಮೆ ಕೆಲಸದ ಕೊನೆಯ ದಿನವೇ ನಿಲ್ಲುತ್ತದೆ ಎಂಬುದನ್ನು ನಾನು ಎಲ್ಲೋ ಓದಿದ್ದೆ, ಆದರೆ ಅದು ಮನಸ್ಸಿನಲ್ಲಿ ಇಳಿದಿರಲಿಲ್ಲ. ತಂಗಿ ಮರುಮಾತಿಲ್ಲದೆ ಕೈಬಳೆ ತೆಗೆದುಕೊಟ್ಟಳು, ಅದನ್ನು ಒತ್ತೆಯಿಟ್ಟು ಬಿಲ್ ಕಟ್ಟಿದೆವು. ನಿಮ್ಮ ಮನೆಯಲ್ಲಿ ಇದು ಆಗಬಾರದು.

ಪಾರ್ಶ್ವವಾಯು ಆದವರಿಗೆ ಹೊಸದಾಗಿ ವಿಮೆ ಸಿಗುವುದು ಕಷ್ಟ. ಸಿಕ್ಕರೂ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷಗಳವರೆಗೆ ಕಾಯುವ ಅವಧಿ ಹೇರಬಹುದು, ಅಂದರೆ ಅಲ್ಲಿಯವರೆಗೆ ಆ ಕಾಯಿಲೆಯ ಖರ್ಚಿಗೆ ವಿಮೆಯ ಹಣ ಬರುವುದಿಲ್ಲ. ಆದರೆ ಗುಂಪು ವಿಮೆಯಲ್ಲಿರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು, ಗುಂಪಿನಲ್ಲಿ ಕಳೆದ ವರ್ಷಗಳು ಆ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಈ ಅರ್ಜಿಯನ್ನು ಕೆಲಸದ ಕೊನೆಯ ದಿನಕ್ಕೆ ಕನಿಷ್ಠ ಒಂದೂವರೆ ತಿಂಗಳ ಮುಂಚೆ ಹಾಕಿ. ನಿಮ್ಮ ಪತಿಯ ಕಂಪನಿಯ ವಿಮೆಯಲ್ಲಿ ಅವರ ಅತ್ತೆ, ಮಾವನನ್ನು, ಅಂದರೆ ನಿಮ್ಮ ಅಪ್ಪ, ಅಮ್ಮನನ್ನು ಸೇರಿಸಲು ಅವಕಾಶವಿದೆಯೇ ಎಂದು ಅವರು ನಾಳೆಯೇ ವಿಚಾರಿಸಲಿ. ಕೆಲವು ಕಡೆ ಇದೆ, ಇದ್ದರೆ ಅದಕ್ಕಿಂತ ಸುಲಭದ ದಾರಿ ಬೇರಿಲ್ಲ.

ಹಳೆಯ ಸೇವೆಯಿಂದ ನಿಮಗೆ ಬರಬೇಕಾದದ್ದು ಚಿಕ್ಕದಲ್ಲ. ಮೂಲ ವೇತನ 75,000ವನ್ನು 26ರಿಂದ ಭಾಗಿಸಿ, ವರ್ಷಕ್ಕೆ ಹದಿನೈದು ದಿನದ ಪಾಲು ಕೊಡುವ ಪದ್ಧತಿಯಲ್ಲಿ ಹನ್ನೊಂದು ವರ್ಷಕ್ಕೆ ಗ್ರಾಚ್ಯುಟಿ ಸುಮಾರು 4,76,000 ರೂಪಾಯಿಯಾಗುತ್ತದೆ. ಇದನ್ನು ಖರ್ಚಿಗೆ ಮುಟ್ಟದೆ, ನವೀಕರಣ ತಪ್ಪಿದ ತಿಂಗಳುಗಳಿಗೆಂದು ಬ್ಯಾಂಕಿನಲ್ಲಿಡಿ. ಪಿಎಫ್ ಹಣವನ್ನೂ ಹಿಂಪಡೆಯಬೇಡಿ: ನಿಮ್ಮ ಹೆಸರಿನಲ್ಲಿ ಪಿಂಚಣಿ ಯೋಜನೆಗೂ ಹಣ ಜಮೆಯಾಗಿದ್ದರೆ, ಹತ್ತು ವರ್ಷ ಮೀರಿರುವುದರಿಂದ 58ರ ನಂತರದ ಪಿಂಚಣಿಗೆ ನೀವು ಅರ್ಹರು, ಮುಂದೆ ಮತ್ತೆ ಕಾಯಂ ಕೆಲಸಕ್ಕೆ ಸೇರಿದಾಗ ಖಾತೆಯನ್ನು ವರ್ಗಾಯಿಸಿಕೊಳ್ಳಬಹುದು. ಕೆಲಸ ಬಿಟ್ಟ ನಂತರ ಜಮೆಯಾಗುವ ಬಡ್ಡಿಗೆ ತೆರಿಗೆ ಬೀಳುತ್ತದೆ, ಅಷ್ಟೇ. ಗೃಹಸಾಲದ ಯೋಚನೆಯೇನಾದರೂ ಇದ್ದರೆ ಅದನ್ನು ಈಗಲೇ ಮುಗಿಸಿಕೊಳ್ಳಿ, ಏಕೆಂದರೆ ಸ್ವಂತ ವೃತ್ತಿಯವರಿಂದ ಬ್ಯಾಂಕುಗಳು ಎರಡು, ಮೂರು ವರ್ಷಗಳ ರಿಟರ್ನ್ ಕೇಳುತ್ತವೆ.

ಇನ್ನು ಆ ಹತ್ತು ಗಂಟೆಯ ವಿಷಯ. ಗುತ್ತಿಗೆಗೆ ಬಂದ ಮಾತ್ರಕ್ಕೆ ಬೆಳಗಿನ ಹೊತ್ತು ನಿಮ್ಮದಾಗುವುದಿಲ್ಲ. ದಿನವೂ ಒಂಬತ್ತೂವರೆಗೆ ತಂಡದ ಕರೆಯಲ್ಲಿರಬೇಕೆಂದರೆ ಮನೆಯಲ್ಲಿದ್ದೂ ನೀವು ಅಪ್ಪನ ಬಳಿ ಇರುವುದಿಲ್ಲ. ಆದ್ದರಿಂದ 9.30ರಿಂದ 11.30ರವರೆಗೆ ಲಭ್ಯವಿರುವುದಿಲ್ಲ ಎಂಬುದು ಬಾಯಿಮಾತಿನಲ್ಲಿ ಉಳಿಯದೆ ಕರಾರಿನಲ್ಲೇ ಬರಲಿ. ಎರಡೂ ಕಡೆಯಿಂದ ಮುರಿಯಲು ಕನಿಷ್ಠ 60 ದಿನಗಳ ನೋಟಿಸ್ ಇರಲಿ, ನವೀಕರಣದ ನಿರ್ಧಾರವನ್ನು ಅವಧಿ ಮುಗಿಯುವ ಒಂದು ತಿಂಗಳ ಮುಂಚೆ ತಿಳಿಸಬೇಕೆಂದಿರಲಿ. ದರದಲ್ಲಿ ಐನೂರು ರೂಪಾಯಿ ಬಿಟ್ಟುಕೊಡಬೇಕಾದ ಸಂದರ್ಭ ಬಂದರೆ ಬಿಟ್ಟುಕೊಡಿ, ಈ ಎರಡು ಗಂಟೆಯನ್ನು ಬಿಡಬೇಡಿ.

ಇದೆಲ್ಲಕ್ಕೂ ಮುಂಚೆ ಕಂಪನಿಗೆ ಇನ್ನೊಂದು ಕೋರಿಕೆ ಬರವಣಿಗೆಯಲ್ಲಿ ಹೋಗಬೇಕು: ಕಾಯಂ ನೌಕರಿಯಲ್ಲೇ ಉಳಿದು ಆರು ತಿಂಗಳು ಮನೆಯಿಂದ ಕೆಲಸ, ಅದಾಗದಿದ್ದರೆ ಮೂರು ತಿಂಗಳ ಸಂಬಳರಹಿತ ರಜೆ. ವೈದ್ಯರ ಪತ್ರವನ್ನು ಜೊತೆಗಿಡಿ. ಪಾರ್ಶ್ವವಾಯುವಿನ ನಂತರದ ಚೇತರಿಕೆ ಮೊದಲ ಆರು ತಿಂಗಳಲ್ಲಿ ಹೆಚ್ಚು ವೇಗವಾಗಿರುತ್ತದೆ. ನಿಮ್ಮ ತಂದೆಗೆ ನಾಲ್ಕು ತಿಂಗಳು ಆಗಿಹೋಗಿರುವುದರಿಂದ ಈ ಉತ್ತರಕ್ಕಾಗಿ ಬಹಳ ದಿನ ಕಾಯಬೇಡಿ, ಎರಡು ವಾರ ಸಾಕು. ಒಪ್ಪಿದರೆ ವಿಮೆ, ಪಿಎಫ್ ಯಾವುದೂ ಕದಲುವುದಿಲ್ಲ. ಒಪ್ಪದಿದ್ದರೆ ಗುತ್ತಿಗೆಗೆ ಹೋಗಿ. ಆದರೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕುವುದು ವಿಮಾ ಕಂಪನಿಯಿಂದ ಅಪ್ಪನ ಹೆಸರಿನ ಒಪ್ಪಿಗೆ ಪತ್ರ, ಇಲ್ಲವೇ ಪತಿಯ ವಿಮೆಯಲ್ಲಿ ಅವರ ಹೆಸರು ಸೇರಿದ ದಾಖಲೆ ನಿಮ್ಮ ಕೈಗೆ ಬಂದ ದಿನ, ಅದಕ್ಕೆ ಮುಂಚೆ ಬೇಡ.