ಹಡಗು ಕುಗ್ಗಿದರೆ ಹಗ್ಗವೂ ಕುಗ್ಗಬೇಕು: ಮರದ ಹಡಗಿನ ಮಾಡೆಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಳೆಯ ಹಾಯಿ ಹಡಗುಗಳ ಮರದ ಮಾಡೆಲ್ ಬಗ್ಗೆ ಬಂದ ಪ್ರಶ್ನೆಗಳು ಇಲ್ಲಿವೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ, ಉದ್ದ ಇದ್ದವನ್ನು ಸ್ವಲ್ಪ ಕತ್ತರಿಸಿದ್ದೇನೆ.

ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೈಯಾರೆ ಏನಾದರೂ ಮಾಡಬೇಕು ಅಂತ ಆಸೆ. ಎಚ್‌ಎಂಎಸ್ ವಿಕ್ಟರಿ ಕಿಟ್ ತರಿಸೋಣ ಅಂತಿದ್ದೇನೆ. ದಿನಕ್ಕೆ ಒಂದು ಗಂಟೆ ಸಿಗುತ್ತೆ. ಎಷ್ಟು ತಿಂಗಳಲ್ಲಿ ಮುಗಿಯಬಹುದು? (ಬೆಂಗಳೂರು)

ತಿಂಗಳ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಿಡಿಯಿರಿ.

ವಿಕ್ಟರಿ 1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧ ಹಡಗು. 1805ರ ಟ್ರಫಾಲ್ಗರ್ ಕಾಳಗದಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಸತ್ತಿದ್ದು ಇದರ ಮೇಲೆಯೇ. 104 ತೋಪು, ಮೂರು ಕೂವೆಕಂಬ, 37 ಹಾಯಿ, ಸುಮಾರು 26 ಮೈಲಿ ಹಗ್ಗ. ಒಂದು ತೋಪಿಗೆ ಬರೀ ಅರ್ಧ ಗಂಟೆ ಅಂದುಕೊಳ್ಳಿ. 52 ಗಂಟೆ ಆಯಿತು. ನಿಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು ತೋಪು ಕೂರಿಸುವುದೇ ಕೆಲಸ. ಹಡಗಿನ ಕೆಳಗಿನ ಅಟ್ಟಗಳಿಗೆ (ಡೆಕ್‌ಗಳಿಗೆ) ಬರೀ ನಳಿಕೆಯ ತುದಿ ಸಿಕ್ಕಿಸಿದರೆ ಸಾಕಾಗುವ ಕಿಟ್‌ಗಳಿವೆ, ಆಗ ಸ್ವಲ್ಪ ಕಡಿಮೆ. ಆದರೂ 40ನೇ ತೋಪಿನ ಹೊತ್ತಿಗೆ ನಿಮಗೆ ನೆಲ್ಸನ್ ಮೇಲೆಯೇ ಸಿಟ್ಟು ಬಂದಿರುತ್ತೆ. ಇನ್ನೊಂದು ವಿಷಯ: 1:72 ಸ್ಕೇಲ್‌ನಲ್ಲಿ, ಅಂದರೆ ನಿಜವಾದ ಹಡಗನ್ನು 72 ಪಾಲು ಕುಗ್ಗಿಸಿದರೆ, ವಿಕ್ಟರಿಯ ಒಡಲೇ ಸುಮಾರು 96 ಸೆಂ.ಮೀ. ಉದ್ದ ಬರುತ್ತೆ. ಎಲ್ಲಿ ಇಡುತ್ತೀರಿ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮನೆಗಳ ಅಟ್ಟದ ಮೇಲೆ ಅರ್ಧಕ್ಕೆ ನಿಂತ ವಿಕ್ಟರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದೊಡ್ಡ ಹಡಗು ಕಷ್ಟ ಅಂತ ಅಲ್ಲ. ಒಂದೇ ಕೆಲಸವನ್ನು ನೂರು ಸಲ ಮಾಡಬೇಕು, ಆದರೆ ಮೊದಲ ಸಲವೇ ಕೈಗೆ ಬಂದಿರುವುದಿಲ್ಲ. ಅದೇ ತೊಂದರೆ.

ಡೋರಿಯಿಂದ ಶುರು ಮಾಡಿ. ನ್ಯೂಫೌಂಡ್‌ಲ್ಯಾಂಡ್ ಆಚೆಯ ಕಡಲಲ್ಲಿ ಕಾಡ್ ಮೀನು ಹಿಡಿಯುವವರ ಪುಟ್ಟ ದೋಣಿ ಅದು. ಚಪ್ಪಟೆ ತಳ, ಪಕ್ಕಕ್ಕೆ ಬೆರಳೆಣಿಕೆಯ ಅಗಲ ಹಲಗೆ. ಒಳಗಿನ ಅಡ್ಡಹಲಗೆ ತೆಗೆದು, ಲೋಟ ಪೇರಿಸಿದ ಹಾಗೆ ಒಂದರೊಳಗೊಂದು ಪೇರಿಸಿ ದೊಡ್ಡ ಹಡಗಿನ ಮೇಲೆ ಒಯ್ಯುತ್ತಿದ್ದರು. ಎರಡನೆಯದಕ್ಕೆ ಬೌಂಟಿ ಹಡಗಿನ ಲಾಂಚ್ ದೋಣಿ ತಗೊಳ್ಳಿ. 1789ರಲ್ಲಿ ನಾವಿಕರು ದಂಗೆ ಎದ್ದು ಕ್ಯಾಪ್ಟನ್ ಬ್ಲೈ ಮತ್ತು ಇನ್ನೂ 18 ಜನರನ್ನು ಇಳಿಸಿದ್ದು 23 ಅಡಿಯ ಈ ತೆರೆದ ದೋಣಿಗೆ. ಅದರಲ್ಲೇ 3,600 ನಾಟಿಕಲ್ ಮೈಲಿಗೂ ಜಾಸ್ತಿ ದೂರ ಸಾಗಿ ಟಿಮೋರ್ ಮುಟ್ಟಿದರು. 1:16ರಲ್ಲಿ ಅದು ಸುಮಾರು 44 ಸೆಂ.ಮೀ. ಬರುತ್ತೆ. ಒಳಗೆಲ್ಲ ಕಾಣುವುದರಿಂದ ತಪ್ಪು ಮುಚ್ಚಿಡೋಕೆ ಜಾಗ ಇರಲ್ಲ, ಅದಕ್ಕೇ ಕಲಿಯೋಕೆ ಚೆನ್ನಾಗಿದೆ.

ನನ್ನ ಮೊದಲ ಹಡಗಿನ ಕಥೆ ಕೇಳಿ. ಕಿಟ್‌ನಲ್ಲಿ ಬಂದ ಬೆನ್ನುಮೂಳೆಯ ಪ್ಲೈವುಡ್ ಸ್ವಲ್ಪ ಸೊಟ್ಟಗಿತ್ತು. ಮೇಜಿನ ಮೇಲೆ ಮಲಗಿಸಿ ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಎರಡನೇ ಪದರದ ಹಲಗೆಯೂ ಮುಗಿದು, ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಹಡಗು ಬಾಳೆಕಾಯಿ ಹಾಗೆ ಎಡಕ್ಕೆ ಬಾಗಿತ್ತು. ಇವತ್ತಿಗೂ ಅದನ್ನು ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ಪಕ್ಕದಿಂದ ಮಾತ್ರ ನೋಡಬೇಕು.

ಮೂತಿಯ ಹತ್ತಿರ ಹಲಗೆ ಪಟ್ಟಿ ಬಗ್ಗಿಸುವಾಗ ಪಟ್ ಅಂತ ಮುರಿಯುತ್ತೆ. ಮುರಿಯದಿದ್ದರೆ ಅಂಚು ಎದ್ದು ನಿಲ್ಲುತ್ತೆ. ಗಂಟೆಗಟ್ಟಲೆ ನೆನೆಸಿದರೂ ಅಷ್ಟೇ. ಮರ ಕೆಟ್ಟದಾ, ನಾನು ಕೆಟ್ಟವನಾ? (ಶಿವಮೊಗ್ಗ)

ಇಬ್ಬರೂ ಅಲ್ಲ. ಪಟ್ಟಿ ಅಗಲವಾಗಿದೆ, ಅಷ್ಟೇ.

ಹಡಗಿನ ಹೊಟ್ಟೆ ನಡುವಿನಲ್ಲಿ ದೊಡ್ಡದು, ಮೂತಿಯಲ್ಲಿ ಸಣ್ಣದು. ಅದೇ ಅಗಲದ ಅಷ್ಟೇ ಪಟ್ಟಿಗಳು ಎರಡೂ ಕಡೆ ಹಿಡಿಯುವುದಿಲ್ಲ. ನೀವು ಬಲವಂತ ಮಾಡುತ್ತೀರಿ, ಪಟ್ಟಿ ಅಂಚಿನ ಮೇಲೆ ಬಗ್ಗಬೇಕಾಗುತ್ತೆ, ಆಗ ಒಂದೋ ಮುರಿಯುತ್ತೆ, ಇಲ್ಲವೋ ಮಗುಚಿಕೊಳ್ಳುತ್ತೆ.

ಒಂದು ಕಾಗದದ ಪಟ್ಟಿ ತಗೊಳ್ಳಿ. ನಡುವಿನ ಬಲ್ಕ್‌ಹೆಡ್‌ನ (ಹೊಟ್ಟೆಗೆ ಆಕಾರ ಕೊಡುವ ಅಡ್ಡ ಹಲಗೆ) ಅಂಚಿಗೆ ಅದನ್ನು ಸುತ್ತಿ, ಡೆಕ್‌ನಿಂದ ಕೀಲ್‌ವರೆಗೆ (ತಳದ ಬೆನ್ನುಮೂಳೆವರೆಗೆ) ಗುರುತು ಹಾಕಿ. 90 ಮಿ.ಮೀ. ಬಂತು ಅಂದುಕೊಳ್ಳೋಣ. ನಿಮ್ಮ ಪಟ್ಟಿ 5 ಮಿ.ಮೀ. ಅಗಲ ಇದ್ದರೆ 18 ಪಟ್ಟಿ ಬೇಕು. ಈಗ ಮೂತಿಯ ಕೊನೆಯ ಬಲ್ಕ್‌ಹೆಡ್ ಅಳೆಯಿರಿ. ಅಲ್ಲಿ 54 ಬಂದರೆ, ಅದೇ 18 ಪಟ್ಟಿ ಅಲ್ಲೂ ಕೂರಬೇಕು, ಅಂದರೆ ಒಂದೊಂದೂ 3 ಮಿ.ಮೀ.ಗೆ ಇಳಿಯಬೇಕು. ಲೋಹದ ಸ್ಕೇಲ್ ಇಟ್ಟು ಹೊಸ ಬ್ಲೇಡಿನಲ್ಲಿ ಕೊಯ್ದು, ಸಣ್ಣ ರಂದದಲ್ಲಿ ಎರಡು ಎಳೆತ ಎಳೆಯಿರಿ. ಅರ್ಧಕ್ಕಿಂತ ಕಡಿಮೆ ಅಗಲಕ್ಕೆ ಮಾತ್ರ ಇಳಿಸಬೇಡಿ. ಅಷ್ಟು ಬೇಕು ಅನ್ನಿಸಿದರೆ ಎರಡು ಪಟ್ಟಿಯ ಜಾಗದಲ್ಲಿ ಒಂದನ್ನೇ ಮುಂದುವರಿಸಿ, ಇನ್ನೊಂದನ್ನು ಅಲ್ಲೇ ಮುಗಿಸಿಬಿಡಿ, ನಿಜವಾದ ಹಡಗು ಕಟ್ಟುವವರೂ ಹಾಗೇ ಮಾಡುತ್ತಿದ್ದರು. ಹಿಂಭಾಗದಲ್ಲಿ ಉಲ್ಟಾ, ಅಲ್ಲಿ ಜಾಗ ಮಿಗುತ್ತೆ, ಮಧ್ಯೆ ಬೆಣೆಯಾಕಾರದ ತುಂಡು ಸೇರಿಸಬೇಕು.

ಪಟ್ಟಿ ಮುಟ್ಟುವ ಮೊದಲು ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಮೂತಿಯ ಬಲ್ಕ್‌ಹೆಡ್‌ಗಳ ಅಂಚು ಚೌಕವಾಗಿರುತ್ತೆ. ಹಲಗೆ ಓರೆಯಾಗಿ ಬರುವುದರಿಂದ ಆ ಅಂಚನ್ನೂ ಓರೆಯಾಗಿ ಉಜ್ಜಬೇಕು. ಅಂಟು ಹಚ್ಚದೆ ಒಂದು ಪಟ್ಟಿಯನ್ನು ಸುಮ್ನೆ ಹೊಟ್ಟೆಗೆ ಒತ್ತಿ ಹಿಡಿದು ನೋಡಿ. ಎಲ್ಲ ಬಲ್ಕ್‌ಹೆಡ್‌ಗೂ ಪೂರ್ತಿ ಅಂಟಿಕೊಂಡು ಕೂರುತ್ತಾ? ಒಂದರ ತುದಿಯಲ್ಲಿ ಮಾತ್ರ ತಾಗಿ ಪಕ್ಕದಲ್ಲಿ ಬೆಳಕು ಕಾಣುತ್ತಿದ್ದರೆ ಇನ್ನೂ ಉಜ್ಜಿ.

ಗಂಟೆಗಟ್ಟಲೆ ನೆನೆಸುವುದು ಬೇಡ. ಬಗ್ಗಬೇಕಾದ ತುದಿಯನ್ನು ಬಿಸಿನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟರೆ ಸಾಕು. ಆಮೇಲೆ ಕಾವು ಕೊಟ್ಟು ಬಗ್ಗಿಸಿ, ನಿಜವಾಗಿ ಬಗ್ಗಿಸುವುದು ಕಾವು. ಇದಕ್ಕೇ ಅಂತ ಉಪಕರಣ ಸಿಗುತ್ತೆ, ಆದರೆ ಹೇರ್ ಸ್ಟ್ರೇಟನರ್ ಕೂಡ ಅದೇ ಕೆಲಸ ಮಾಡುತ್ತೆ. ಮನೆಯಲ್ಲಿ ಇದ್ದರೆ ಕೇಳಿ ತಗೊಳ್ಳಿ, ಕೇಳದೆ ತಗೋಬೇಡಿ. ಬಗ್ಗಿದ ಪಟ್ಟಿಯನ್ನು ಜಾಗದಲ್ಲಿ ಕ್ಲಿಪ್ ಹಾಕಿ ಒಣಗಲು ಬಿಟ್ಟು, ಒಣಗಿದ ಮೇಲೆ ಅಂಟಿಸಿ. ಹಸಿಯಲ್ಲೇ ಅಂಟಿಸಿದರೆ ಮರ ಒಣಗಿ ಕುಗ್ಗಿ ಬೆಳಿಗ್ಗೆಗೆ ಸಂದು ಬಿಟ್ಟಿರುತ್ತೆ. ಎಡಕ್ಕೆ ಒಂದು, ಬಲಕ್ಕೆ ಒಂದು ಅಂತ ಹಾಕುತ್ತಾ ಹೋಗಿ. ಒಂದೇ ಕಡೆ ಹಾಕಿ ಮುಗಿಸಿದರೆ ಏನಾಗುತ್ತೆ ಅಂದರೆ, ಮೇಲೆ ಹೇಳಿದ ಬಾಳೆಕಾಯಿ.

ಹಳೇ ಮನೆ ಬಿಚ್ಚಿದಾಗ ಒಳ್ಳೆ ಸಾಗುವಾನಿ ತೊಲೆ ಸಿಕ್ಕಿದೆ. ಬೊಂಬಾಯಿಯಲ್ಲಿ ಬ್ರಿಟಿಷರಿಗೆ ಸಾಗುವಾನಿಯ ಯುದ್ಧ ಹಡಗು ಕಟ್ಟುತ್ತಿದ್ದರಂತೆ. ಅದೇ ಮರದಲ್ಲಿ ಮಾಡೆಲ್ ಮಾಡಿದರೆ ಇನ್ನೂ ಅಸಲಿ ಅನ್ನಿಸುತ್ತೆ ಅಲ್ವಾ? (ಶಿರಸಿ)

ಆಸೆ ಒಳ್ಳೆಯದು. ಆದರೆ ಕಣ್ಣಿಗೆ ಉಲ್ಟಾ ಕಾಣುತ್ತೆ.

ನೀವು ಓದಿದ್ದು ನಿಜ. ಅಂಥದೊಂದು ಹಡಗು, ಎಚ್‌ಎಂಎಸ್ ಟ್ರಿಂಕೋಮಲಿ, ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ. ಕಟ್ಟಿದವರು ಬೊಂಬಾಯಿಯ ಪಾರ್ಸಿ ಮೇಸ್ತ್ರಿ ಜಮ್ಷೆಟ್‌ಜಿ ಬಮನ್‌ಜಿ ವಾಡಿಯಾ, ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಇದರ ನಕ್ಷೆಯ ಕಥೆ ಮಜವಾಗಿದೆ. ನಕ್ಷೆ ಹೊತ್ತು ಇಂಗ್ಲೆಂಡಿನಿಂದ ಹೊರಟ ಜಾವಾ ಅನ್ನುವ ಹಡಗನ್ನು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಹತ್ತಿರ ಅಮೆರಿಕದ ಯುದ್ಧ ಹಡಗು ಕಾನ್‌ಸ್ಟಿಟ್ಯೂಷನ್ ಹೊಡೆದು ಹಿಡಿಯಿತು. ನಕ್ಷೆ ಹೋಯಿತು. ಇನ್ನೊಂದು ಪ್ರತಿ ಬರುವವರೆಗೆ ಕಾಯಬೇಕಾಯಿತು. ಕೊನೆಗೆ ಕೀಲ್ ಇಟ್ಟಾಗ ಪಾರ್ಸಿ ಪದ್ಧತಿಯಂತೆ ವಾಡಿಯಾ ಅದಕ್ಕೆ ಬೆಳ್ಳಿ ಮೊಳೆ ಹೊಡೆದರು. ಸಾಗುವಾನಿ ಯಾಕೆ ಅಂದರೆ, ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವ. ಜೊತೆಗೆ ಓಕ್‌ನಲ್ಲಿರುವ ಒಗರು ಕಬ್ಬಿಣದ ಮೊಳೆಯನ್ನು ತಿನ್ನುತ್ತೆ, ಸಾಗುವಾನಿಯ ಎಣ್ಣೆ ಕಾಪಾಡುತ್ತೆ.

ಸರಿ, ಮಾಡೆಲ್‌ಗೆ ಬರೋಣ. ನಿಮ್ಮ ತೊಲೆಯನ್ನು ಅಡ್ಡ ಕೊಯ್ದು ಬಿಸಿಲಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳ ಸಾಲು ಕಾಣುತ್ತೆ. ಒಂದು ತೂತು ಕಾಲು ಮಿಲಿಮೀಟರ್ ಅಂದುಕೊಂಡರೂ 1:64 ಸ್ಕೇಲ್‌ನಲ್ಲಿ ಅದು 16 ಮಿ.ಮೀ. ಆಯಿತು. ನಿಜವಾದ ಹಡಗಿನ ಹಲಗೆ ತುಂಬ ಹೆಬ್ಬೆರಳು ಹೋಗುವಷ್ಟು ತೂತು ಇದ್ದ ಹಾಗೆ! ಹಡಗನ್ನು 64 ಪಾಲು ಕುಗ್ಗಿಸಿದ್ದೀರಿ, ಮರದ ನಾರು ಮಾತ್ರ ಪೂರ್ತಿ ಸೈಜಿನಲ್ಲೇ ಉಳಿದಿದೆ. ನೋಡುವವರಿಗೆ ಯಾಕೆ ಅಂತ ಹೇಳಲು ಬರುವುದಿಲ್ಲ, ಆದರೆ ಆಟಿಕೆ ಅನ್ನಿಸಿಬಿಡುತ್ತೆ.

ಅದಕ್ಕೇ ಹಳೆಯ ಕಾಲದಿಂದ ಮಾಡೆಲ್ ಮಾಡುವವರು ಬಾಕ್ಸ್‌ವುಡ್, ಪೇರ್ ಮರ ಹುಡುಕುವುದು. ನಾರು ಕಾಣುವುದೇ ಇಲ್ಲ ಅನ್ನುವಷ್ಟು ನುಣುಪು. ಇಲ್ಲಿ ಅದಕ್ಕೆ ಹತ್ತಿರ ಬರುವುದು ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ. ಬಿಳಿ, ಒತ್ತು ನಾರು, ಚಾಣಕ್ಕೆ ಚೆನ್ನಾಗಿ ಬರುತ್ತೆ. ರಾಟೆ, ಮೂರು ತೂತಿನ ಡೆಡ್‌ಐ ಬಿಲ್ಲೆ, ಮೂತಿಯ ಬೊಂಬೆ, ಇಂಥ ಸಣ್ಣ ಕೆತ್ತನೆಗೆ ನಾನು ಬೇರೆ ಮರ ಹುಡುಕುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಸಾಗುವಾನಿಯನ್ನು ಹಡಗು ಕೂರಿಸುವ ಪೀಠಕ್ಕೆ ಇಟ್ಟುಕೊಳ್ಳಿ, ಅಲ್ಲಿ ಸ್ಕೇಲ್ ತಂಟೆ ಇಲ್ಲ. ಕೊಯ್ಯುವಾಗ ಮಾಸ್ಕ್ ಹಾಕಿ, ಸಾಗುವಾನಿ ಪುಡಿ ಕೆಲವರಿಗೆ ಮೂಗು, ಚರ್ಮ ಎರಡಕ್ಕೂ ಆಗಿಬರಲ್ಲ.

ನಕ್ಷೆಯಲ್ಲಿ ಒಂದು ಹಗ್ಗಕ್ಕೆ ‘10 ಇಂಚು’ ಅಂತಿದೆ. 1:64ಕ್ಕೆ ಭಾಗಿಸಿದರೆ 4 ಮಿ.ಮೀ. ಬರುತ್ತೆ. ಹಾಕಿ ನೋಡಿದೆ, ತುಂಬ ದಪ್ಪ ಕಾಣುತ್ತಿದೆ. ಬಣ್ಣ ಯಾವುದು ಹಾಕಬೇಕು? (ಮೈಸೂರು)

ದಪ್ಪ ಕಾಣದೆ ಏನು, ಅದು ಹಸು ಕಟ್ಟುವ ಹಗ್ಗ ಆಯಿತು! ಆ ಕಾಲದಲ್ಲಿ ಹಗ್ಗದ ಅಳತೆ ಅಂದರೆ ಸುತ್ತಳತೆ, ದಪ್ಪ ಅಲ್ಲ. 10 ಇಂಚನ್ನು 3.14ರಿಂದ ಭಾಗಿಸಿ. ಸುಮಾರು 81 ಮಿ.ಮೀ. ದಪ್ಪ. ಅದನ್ನು 64ರಿಂದ ಭಾಗಿಸಿದರೆ 1.26 ಮಿ.ಮೀ. ಈಗ ಕೂತಿತು.

ಅಂಗಡಿಯ ದಾರದ ಮೇಲೆ ಬರೆದಿರುವ ಅಳತೆ ನಂಬಬೇಡಿ. ಪೆನ್ಸಿಲ್‌ಗೆ ಒತ್ತೊತ್ತಾಗಿ ಸುತ್ತಿ, 10 ಮಿ.ಮೀ.ಯಲ್ಲಿ ಎಷ್ಟು ಸುತ್ತು ಬಂತು ಎಣಿಸಿ. ಎಂಟು ಬಂದರೆ ಅದು 1.25 ಮಿ.ಮೀ.

ಬಣ್ಣದ ವಿಷಯ: ಕೂವೆಕಂಬವನ್ನು ಕಟ್ಟಿ ನಿಲ್ಲಿಸುವ, ಅಲ್ಲಾಡದ ಹಗ್ಗಗಳಿಗೆ ಟಾರ್ ಬಳಿಯುತ್ತಿದ್ದರು, ಅವು ಕಪ್ಪು. ಇದ್ದಿಲಿನ ಕಪ್ಪಲ್ಲ, ಗಟ್ಟಿ ಕಾಫಿ ಡಿಕಾಕ್ಷನ್ ಕಪ್ಪು. ಹಾಯಿ ಎಳೆಯುವ, ಇಳಿಸುವ ಹಗ್ಗಗಳು ಕೈಯಲ್ಲಿ ಓಡಬೇಕು, ಅವು ನಾರಿನ ಬಣ್ಣ. ಎರಡನ್ನೂ ಒಂದೇ ಬಣ್ಣ ಮಾಡಿದರೆ ಜೇಡರ ಬಲೆ ಹಾಗೆ ಕಲಸಿಹೋಗುತ್ತೆ. ಹತ್ತಿ ದಾರವಾದರೆ ಕಟ್ಟುವ ಮೊದಲು ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ, ಇಲ್ಲದಿದ್ದರೆ ಎದ್ದು ನಿಂತ ನೂಲೆಳೆಗಳು ಆ ಸ್ಕೇಲ್‌ನಲ್ಲಿ ಮುಳ್ಳಿನ ಹಾಗೆ ಕಾಣುತ್ತವೆ.

ಮಳೆಗಾಲದಲ್ಲಿ ಬಿಗಿಯಾಗಿದ್ದ ದಾರಗಳು ಬೇಸಿಗೆಗೆ ಜೋತು ಬೀಳುತ್ತವೆ. ಪ್ರತಿ ವರ್ಷ ಬಿಚ್ಚಿ ಕಟ್ಟಬೇಕಾ? (ಮಂಗಳೂರು)

ನಿಮ್ಮದು ಹತ್ತಿ ದಾರ ಅನ್ನಿಸುತ್ತೆ. ಹುರಿ ಇರುವ ಹತ್ತಿ ದಾರ ತೇವ ಹೀರಿದರೆ ಉಬ್ಬಿ ಗಿಡ್ಡ ಆಗುತ್ತೆ, ಒಣಗಿದರೆ ಸಡಿಲ. ಕಡಲ ತೀರದಲ್ಲಿ ಇದು ಇದ್ದದ್ದೇ. ಮುಂದಿನ ಹಡಗಿಗೆ ಪಾಲಿಯೆಸ್ಟರ್ ದಾರ ತಗೊಳ್ಳಿ, ಹೊಳಪಿಲ್ಲದ್ದು. ಈಗಿನದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ. ಧೂಳೂ ತಪ್ಪುತ್ತೆ, ತೇವ ಒಮ್ಮೆಲೇ ಏರಿಳಿಯುವುದೂ ತಪ್ಪುತ್ತೆ. ಯಾವ ಹಡಗಿಗೇ ಆಗಲಿ, ದಾರವನ್ನು ತಂತಿ ವಾದ್ಯದ ಹಾಗೆ ಎಳೆದು ಕಟ್ಟಬೇಡಿ. ನೆಟ್ಟಗೆ ನಿಂತರೆ ಸಾಕು. ಜಾಸ್ತಿ ಎಳೆದರೆ ಮೊದಲ ಮಳೆಗೇ ಕೂವೆಯ ತುದಿ ಬಾಗುತ್ತೆ.

ಹಾಯಿ ಹಾಕಬೇಕಾ, ಬೇಡವಾ? (ಧಾರವಾಡ)

ನಾನಾದರೆ ಹಾಕಲ್ಲ. ತೆಳು ಹತ್ತಿ ಬಟ್ಟೆ 0.2 ಮಿ.ಮೀ. ಅಂದರೂ 1:64ರಲ್ಲಿ ಅರ್ಧ ಇಂಚು ದಪ್ಪದ ಕಂಬಳಿ. ಹಾಕಲೇಬೇಕು ಅಂದರೆ ತೆಳುವಾದ ಟಿಶ್ಯೂ ಕಾಗದಕ್ಕೆ ಬಣ್ಣ ಕೊಟ್ಟು, ಅಡ್ಡಮರಕ್ಕೆ ಸುತ್ತಿ ಕಟ್ಟಿದ ಹಾಗೆ ಮಾಡಿ. ಪೂರ್ತಿ ಎತ್ತರ ಸುತ್ತಿದರೆ ಹಾಸಿಗೆ ಸುರುಳಿ ಆಗುತ್ತೆ, ಮೂರನೇ ಒಂದು ಭಾಗ ಸಾಕು.

ಮಗಳಿಗೆ ಒಂಬತ್ತು ವರ್ಷ. ಪಕ್ಕದಲ್ಲೇ ಕೂತು ‘ನಾನೂ ಮಾಡ್ತೀನಿ’ ಅಂತಾಳೆ. ಏನು ಕೊಡಬಹುದು? (ದಾವಣಗೆರೆ)

ಬ್ಲೇಡು, ಫಟ್ ಅಂತ ಅಂಟುವ ಗಮ್ಮು, ಎರಡು ಬಿಟ್ಟು ಉಳಿದದ್ದು ಕೊಡಿ. ಎಲ್ಲಕ್ಕಿಂತ ಚೆನ್ನಾಗಿರುವುದು ನಾವಿಕರು ಹತ್ತುವ ಹಗ್ಗದ ಏಣಿ. ಮೆಟ್ಟಿಲಿನ ಅಂತರ ನಿಜವಾದ ಹಡಗಿನಲ್ಲಿ 13ರಿಂದ 15 ಇಂಚು, 1:64ರಲ್ಲಿ ಹೆಚ್ಚುಕಡಿಮೆ 5.5 ಮಿ.ಮೀ. ಕಾರ್ಡ್ ಮೇಲೆ ಅಷ್ಟಷ್ಟು ದೂರಕ್ಕೆ ಗೆರೆ ಎಳೆದು ಹಿಂದೆ ಸಿಕ್ಕಿಸಿ. ಗೆರೆ ನೋಡಿಕೊಂಡು ಗಂಟು ಹಾಕುತ್ತಾ ಹೋಗುವುದು. ಗಂಟು ಎಳೆಯುವಾಗ ಪಕ್ಕದ ಹಗ್ಗಗಳು ಒಳಕ್ಕೆ ಬಾಗದಂತೆ ನೋಡಿಕೊಳ್ಳಬೇಕು, ಬಾಗಿದರೆ ಏಣಿಯ ನಡು ಡಮರುಗದ ಹಾಗೆ ಸಣ್ಣ ಆಗುತ್ತೆ. ನಮ್ಮ ಅಕ್ಕನ ಮಗಳು ಹತ್ತು ವರ್ಷದವಳಿದ್ದಾಗ ಒಂದು ರಜೆಯಲ್ಲಿ ಕೂತು ಕಟ್ಟಿದಳು, ಸಣ್ಣ ಬೆರಳು, ನನಗಿಂತ ಚೊಕ್ಕ. ಈಗ ಶೋಕೇಸಿನಲ್ಲಿರುವ ಹಡಗಿನಲ್ಲಿ ಎಡಗಡೆಯ ಕೆಳಗಿನ ಹನ್ನೆರಡು ಮೆಟ್ಟಿಲು ಅವಳವು. ಹದಿಮೂರನೆಯದರಿಂದ ನನ್ನವು, ಅಲ್ಲಿಂದ ಸೊಟ್ಟ.