ನಿಮ್ಮದೇ ವಿದ್ಯಾರ್ಥಿಗಳ ಸಂದರ್ಶನಕ್ಕೆ ನೈತಿಕ ಸಮಿತಿಯ ಆಕ್ಷೇಪ

ನಿಮ್ಮದೇ ವಿದ್ಯಾರ್ಥಿಗಳನ್ನು ಸಂದರ್ಶಿಸುವ ಸಂಶೋಧನೆಗೆ ಒಪ್ಪಿಗೆ ಪತ್ರದ ನಮೂನೆ ಲಗತ್ತಿಸಿದ್ದರೂ, ಸಂಶೋಧನೆಗಳನ್ನು ಪರಿಶೀಲಿಸಿ ಅನುಮತಿಸುವ ನೈತಿಕ ಸಮಿತಿ ಅರ್ಜಿಯನ್ನು ಹಿಂದಿರುಗಿಸಿತು ಎಂದಿದ್ದೀರಿ. ತೊಡಕು ಬಹುಶಃ ಪತ್ರದ್ದಲ್ಲ, ಅದನ್ನು ಕೊಡುವ ಕೈಯದ್ದು. ಅಂಕ ಹಾಕುವ ಶಿಕ್ಷಕರೇ ಎದುರು ನಿಂತು ‘ಸಹಿ ಮಾಡುತ್ತೀರಾ?’ ಎಂದರೆ ಇಲ್ಲವೆನ್ನುವ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗಿದ್ದೀತು? ಮನುಷ್ಯರ ಮೇಲಿನ ಪ್ರಯೋಗಗಳಿಗೆ ನಿಯಮ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಸ್ವಯಂಪ್ರೇರಿತ ಒಪ್ಪಿಗೆ. ನನ್ನ ಅರ್ಜಿಯೂ ಇದೇ ಕಾರಣಕ್ಕೆ ಮರಳಿತ್ತು.

ಮೊದಲು, ಆಹ್ವಾನಿಸುವ, ಸಹಿ ಪಡೆಯುವ ಕೆಲಸವನ್ನು ಆ ವಿದ್ಯಾರ್ಥಿಗಳಿಗೆ ಪಾಠ ಮಾಡದ ಬೇರೊಬ್ಬರಿಗೆ ವಹಿಸಿ. ಸಂದರ್ಶನವನ್ನೂ ಅವರೇ ನಡೆಸಿದರೆ ಇನ್ನೂ ಒಳ್ಳೆಯದು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಅಂತಿಮ ಅಂಕ ಪ್ರಕಟವಾಗುವವರೆಗೆ ನಿಮಗೆ ತಿಳಿಯಲೇಬಾರದು. ಧ್ವನಿಮುದ್ರಣವೂ ಅಲ್ಲಿಯವರೆಗೆ ಆ ಬೇರೊಬ್ಬರ ಬಳಿಯೇ ಇರಲಿ. ಬಳಿಕ ಪತ್ರದಲ್ಲಿ ಹೀಗೆ ಸೇರಿಸಿ: ‘ನೀವು ಭಾಗವಹಿಸದಿದ್ದರೂ, ನಡುವೆ ಹಿಂದೆ ಸರಿದರೂ ನಿಮ್ಮ ಅಂಕಗಳಿಗೆ ತೊಂದರೆಯಿಲ್ಲ. ಇಂಥ ದಿನಾಂಕದವರೆಗೆ ನಿಮ್ಮ ಮಾತುಗಳನ್ನು ಅಳಿಸುವಂತೆ ಕೇಳಬಹುದು.’ ಆ ದಿನಾಂಕವನ್ನು ಖಾಲಿ ಬಿಡಬೇಡಿ. ಹೆಚ್ಚುವರಿ ಅಂಕದ ಆಮಿಷವಿದ್ದರೆ ತೆಗೆದುಹಾಕಿ.

ಅಪ್ರಾಪ್ತ ವಯಸ್ಕರಿದ್ದರೆ ಪೋಷಕರ ಅನುಮತಿಯೊಂದೇ ಸಾಲದು, ಆ ಮಗುವಿನ ಸಮ್ಮತಿಯನ್ನೂ ಕೇಳಬೇಕು.

ಸಮಿತಿಯ ಪತ್ರವನ್ನು ನೋಡದೆ ಹೇಳುತ್ತಿದ್ದೇನೆ, ಬೇರೆ ಕಾರಣವೂ ಇರಬಹುದು. ಆದ್ದರಿಂದ ಮರುಸಲ್ಲಿಸುವ ಮುನ್ನ ಈ ಬದಲಾವಣೆಗಳನ್ನು ಸಮಿತಿಯ ಕಾರ್ಯದರ್ಶಿಗೆ ಕಳುಹಿಸಿ, ಇಷ್ಟು ಸಾಕೇ ಎಂದು ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಒಂದೇ ಒಂದು ಸಂದರ್ಶನವನ್ನೂ ಆರಂಭಿಸಬೇಡಿ.