ಸಭೆಗೆ 50 ವರ್ಷ ತುಂಬಿದಾಗ ಪಾಸ್ಟರ್ ಮನಸ್ಸಿನಲ್ಲಿ ಏನಿರುತ್ತದೆ?

ಮುಂದಿನ ವರ್ಷ ನಿಮ್ಮ ಚರ್ಚ್ ಸಭೆಗೆ 50 ತುಂಬುತ್ತದೆ, ಕಮಿಟಿಯಲ್ಲಿ ನೀವೂ ಇದ್ದೀರಿ. ಇಂಥ ದಿನ ಪಾಸ್ಟರ್ ಆದವರಿಗೆ ನಿಜವಾಗಿ ಏನನ್ನಿಸುತ್ತದೆ, ಹೆಮ್ಮೆಯೋ ದಣಿವೋ, ಅಂತ ಕೇಳಿದ್ದೀರಿ. ನಾನೂ ಪಾಸ್ಟರ್. ನಮ್ಮ ಸಭೆಯ ಸುವರ್ಣ ಮಹೋತ್ಸವ ಈಚೆಗಷ್ಟೇ ಮುಗಿಯಿತು.

ದಣಿವಿನ ಮಾತು ಬಿಡಿ, ಅದು ಇದ್ದದ್ದೇ. ಹೆಮ್ಮೆ ಪಡೋಣ ಅಂದರೆ ನನ್ನದು ಅಂತ ಅಲ್ಲಿ ಇದ್ದದ್ದು ತುಂಬ ಕಡಿಮೆ. ಸಭೆ ಶುರುವಾದಾಗ ನಾನಿರಲಿಲ್ಲ, ಗೋಡೆ ಎದ್ದಾಗಲೂ ಇರಲಿಲ್ಲ. ನನಗಿಂತ ಮುಂಚಿನವರು ಕಷ್ಟಪಟ್ಟರು. 50 ತುಂಬಿದ ದಿನ ಆ ಕುರ್ಚಿಯಲ್ಲಿ ಯಾರಿರುತ್ತಾರೋ ಚಪ್ಪಾಳೆ ಅವರ ಪಾಲಿಗೆ ಬೀಳುತ್ತದೆ, ಅಷ್ಟೇ.

ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ. ಈ 50 ವರ್ಷದ ಕಥೆಯನ್ನು ಪೂರ್ತಿ ಹೇಳುತ್ತೇವಾ, ಇಲ್ಲಾ ಚೆಂದ ಕಾಣುವಷ್ಟನ್ನು ಮಾತ್ರ ಹೇಳುತ್ತೇವಾ?

ಸ್ಮರಣ ಸಂಚಿಕೆ ತರಬೇಕು ಅಂತ ಬೀರುವಿನ ಮೇಲಿದ್ದ ಹಳೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆವು. ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್, ಅಂತ್ಯಸಂಸ್ಕಾರದ ರಿಜಿಸ್ಟರ್, ಕಮಿಟಿಯ ಮಿನಿಟ್ಸ್ ಪುಸ್ತಕಗಳು. ರಿಜಿಸ್ಟರ್ ಓದುವುದೇ ಒಂದು ಚಟ. ಮಗುವಾಗಿದ್ದಾಗ ಬರೆದ ಹೆಸರು ಇನ್ನೊಂದು ಪುಸ್ತಕದಲ್ಲಿ ಮದುಮಗನ ಹೆಸರಾಗಿ ಸಿಗುತ್ತದೆ. ಆಮೇಲೆ ಇನ್ಯಾವುದೋ ಮಗುವಿನ ತಂದೆಯ ಕಾಲಂನಲ್ಲಿ. ಕೊನೆಗೆ ಮೂರನೆಯ ಪುಸ್ತಕದಲ್ಲಿ. ಕೆಲವು ಹೆಸರು ಮಾತ್ರ ಒಂದು ಕಡೆ ಕಂಡು ಮತ್ತೆ ಎಲ್ಲೂ ಕಾಣುವುದಿಲ್ಲ.

ಅವರು ಎಲ್ಲಿ ಹೋದರು ಅನ್ನೋದು ಮಿನಿಟ್ಸ್ ಪುಸ್ತಕದಲ್ಲಿ ಗೊತ್ತಾಯಿತು. ಪ್ರತಿ ಮೀಟಿಂಗಿಗೂ ಎರಡೆರಡು ಪುಟ ಬರೆಯುತ್ತಿದ್ದ ಕಾರ್ಯದರ್ಶಿಯವರು ಒಂದು ಮೀಟಿಂಗಿಗೆ ಮಾತ್ರ "ಚರ್ಚೆ ನಡೆಯಿತು, ವಿಷಯವನ್ನು ಮುಂದೂಡಲಾಯಿತು" ಅಂತ ಒಂದೇ ಸಾಲು ಬರೆದಿದ್ದಾರೆ. ಅದರ ಮುಂದಿನ ಪುಟದಿಂದ ಹಾಜರಿಯ ಸಹಿಗಳು ಅರ್ಧಕ್ಕರ್ಧ ಇಲ್ಲ. ಸಭೆ ಒಡೆದಿತ್ತು. ಬೋಧನೆಯ ಪ್ರಶ್ನೆಗೆ ಅಲ್ಲ. ಹಿರಿಯರು ಹೇಳಿದ ಪ್ರಕಾರ, ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದಕ್ಕೆ.

"ಖುಷಿಯ ದಿನ ಅದೆಲ್ಲ ಯಾಕೆ ಪಾಸ್ಟರೇ, ಸುಮ್ನೆ ಬಿಡಿ" ಅಂತ ಕಮಿಟಿಯಲ್ಲಿ ಹೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆ ಜಗಳದಲ್ಲಿದ್ದ ಕೆಲವರು ಇನ್ನೂ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಆದರೂ ನಾನು ಒಪ್ಪಲಿಲ್ಲ. ಬೈಬಲಿನಲ್ಲಿ ಯೆಹೋಶುವನ ಪುಸ್ತಕದ 4ನೇ ಅಧ್ಯಾಯ ನೋಡಿ. ಯೊರ್ದನ್ ಹೊಳೆ ದಾಟಿದ ಜನ ಹೊಳೆಯ ನಡುವಿಂದ ಹನ್ನೆರಡು ಕಲ್ಲು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸುತ್ತಾರೆ. ಯಾಕೆ ಅಂತ ಅಲ್ಲೇ ಹೇಳಿದೆ: ಮುಂದೆ ಮಕ್ಕಳು ಈ ಕಲ್ಲುಗಳು ಏನು ಅಂತ ಕೇಳಿದಾಗ ಉತ್ತರ ಕೊಡುವುದಕ್ಕೆ. ನಮ್ಮ ಮಕ್ಕಳೂ ಕೇಳುತ್ತಾರೆ. ಸಂಡೇ ಸ್ಕೂಲ್ ಹುಡುಗಿಯೊಬ್ಬಳು ನನ್ನನ್ನೇ ಕೇಳಿದ್ದಳು, "ನಮ್ಮ ಅಜ್ಜಿ ಈ ಚರ್ಚಿಗೆ ಬರ್ತಾರೆ, ಅಜ್ಜಿಯ ಅಕ್ಕ ಆ ಚರ್ಚಿಗೆ ಹೋಗ್ತಾರೆ, ಯಾಕೆ?" ಅಂತ. ಸ್ಮರಣ ಸಂಚಿಕೆಯಲ್ಲಿ ಇದಕ್ಕೆ ಉತ್ತರ ಇಲ್ಲ ಅಂದರೆ ಅದನ್ನು ಅಚ್ಚು ಹಾಕಿಸುವುದೇ ದಂಡ ಅಲ್ವಾ?

ದೊಡ್ಡ ಮಟ್ಟದಲ್ಲೂ ಇದೇ ಪಾಡು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಪೋಪರ ಚರ್ಚನ್ನು ಪ್ರಶ್ನಿಸಿ 95 ವಾದಗಳನ್ನು ಮುಂದಿಟ್ಟದ್ದು 1517ರಲ್ಲಿ. ಅದಕ್ಕೆ ನೂರು ತುಂಬಿದಾಗ, 1617ರಲ್ಲಿ, ಜರ್ಮನಿಯ ಪ್ರೊಟೆಸ್ಟೆಂಟರು ಜೋರಾಗಿಯೇ ಆಚರಿಸಿದರು. ಪ್ರಸಂಗಗಳಲ್ಲಿ, ಕರಪತ್ರಗಳಲ್ಲಿ ಪೋಪರನ್ನು ಬೈದದ್ದೇ ಬೈದದ್ದು. ಆ ಕಡೆ ಕ್ಯಾಥೊಲಿಕರೂ ಸುಮ್ಮನಿರಲಿಲ್ಲ. ಮರುವರ್ಷವೇ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ರಾಜ್ಯಗಳ ನಡುವೆ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಆಚರಣೆಯಿಂದಲೇ ಯುದ್ಧ ಬಂತು ಅಂತಲ್ಲ, ಆದರೆ ಜನರ ಮನಸ್ಸು ಆಗ ಎಲ್ಲಿತ್ತು ಅಂತ ಗೊತ್ತಾಗುತ್ತದೆ. 500ನೇ ವರ್ಷ ಹತ್ತಿರ ಬಂದಾಗ ಹಾಗೆ ಮಾಡಲಿಲ್ಲ. 2016ರ ಅಕ್ಟೋಬರ್ 31ರಂದು ಸ್ವೀಡನ್ನಿನ ಲುಂಡ್ ಕತೀಡ್ರಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಲೂಥರ್ ಪರಂಪರೆಯ ಸಭೆಗಳ ಒಕ್ಕೂಟವಾದ ಲೂಥೆರನ್ ವರ್ಲ್ಡ್ ಫೆಡರೇಶನ್‌ನ ಮುಖಂಡರು ಒಟ್ಟಿಗೆ ಪ್ರಾರ್ಥಿಸಿದರು. ಲೂಥರ್ ಶುರು ಮಾಡಿದ ಸುಧಾರಣೆಯಿಂದ ಸಿಕ್ಕಿದ್ದಕ್ಕೆ ಸ್ತೋತ್ರವನ್ನೂ ಹೇಳಿದರು, ಒಡಕಿಗೆ ಪಶ್ಚಾತ್ತಾಪವನ್ನೂ ಪಟ್ಟರು. ಎರಡೂ ಒಂದೇ ಆರಾಧನೆಯಲ್ಲಿ. ಅಷ್ಟು ದೊಡ್ಡ ಗಾಯವನ್ನೇ ಬಾಯಿಬಿಟ್ಟು ಹೇಳಬಹುದಾದರೆ ನಮ್ಮ ಬೀಗದ ಕೈ ಯಾವ ಲೆಕ್ಕ?

ಇನ್ನು 50 ಅನ್ನುವ ಅಂಕಿ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳು ಸಲ ಏಳು ವರ್ಷ ಕಳೆದ ಮೇಲೆ ಬರುವ ಐವತ್ತನೆಯ ವರ್ಷದ, ಅಂದರೆ ಜೂಬಿಲಿ ವರ್ಷದ, ನಿಯಮ ಇದೆ. ದೋಷಪರಿಹಾರಕ ದಿನ ಕೊಂಬು ಊದಬೇಕು. ಆ ವರ್ಷ ಬಿತ್ತುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಮಾರಿಹೋದ ಹೊಲ ಮೂಲ ಮನೆತನಕ್ಕೆ ವಾಪಸ್. ಬಡತನದಿಂದ ತನ್ನನ್ನೇ ಮಾರಿಕೊಂಡವನು ತನ್ನ ಮನೆಗೆ ವಾಪಸ್. ಸನ್ಮಾನದ ಮಾತೇ ಇಲ್ಲ. (ರೋಮ್‌ನಲ್ಲಿ ಪೋಪ್ 8ನೇ ಬೊನಿಫೇಸ್ 1300ರಲ್ಲಿ ಜೂಬಿಲಿ ಶುರು ಮಾಡಿದಾಗ ಅದು ನೂರು ವರ್ಷಕ್ಕೊಮ್ಮೆ ಅಂತಿತ್ತು. 6ನೇ ಕ್ಲೆಮೆಂಟ್ ಅದನ್ನು 50ಕ್ಕೆ ಇಳಿಸಿ 1350ರಲ್ಲಿ ನಡೆಸಿದರು. 1470ರಲ್ಲಿ 2ನೇ ಪೌಲ್ 25ಕ್ಕೆ ಇಳಿಸಿದರು. ಹಬ್ಬಕ್ಕೆ ಕಾಯುವ ತಾಳ್ಮೆ ಯಾವ ಕಾಲದಲ್ಲೂ ಜಾಸ್ತಿ ಇರಲಿಲ್ಲ ಅನ್ನಿ.)

ಆ ಅಧ್ಯಾಯ ಓದಿ ಕಮಿಟಿಯಲ್ಲಿ ಕೇಳಿದೆ: ನಾವು ಯಾರಿಗೆ ಏನು ವಾಪಸ್ ಕೊಡಬೇಕು? ಸ್ವಲ್ಪ ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಆಮೇಲೆ ನಮ್ಮ ಖಜಾಂಚಿ ಎದ್ದು ಪ್ರಸಂಗ ಪೀಠದ ಹತ್ತಿರ ಕರೆದುಕೊಂಡು ಹೋದರು. ಪ್ರತಿ ಭಾನುವಾರ ನಾನು ನಿಂತು ಮಾತಾಡುವ ಪೀಠ ಅದು. ಮುಂಭಾಗಕ್ಕೆ ಹಾಸಿದ್ದ ಬಟ್ಟೆ ಸರಿಸಿದರು. ಮರದಲ್ಲಿ ನಾಲ್ಕು ಸ್ಕ್ರೂ ತೂತು, ಅವುಗಳ ನಡುವೆ ಮಾತ್ರ ಬಣ್ಣ ಮಾಸದೆ ಉಳಿದ ಉದ್ದನೆಯ ಚೌಕ. ಪೀಠ ಮಾಡಿಸಿಕೊಟ್ಟ ಮನೆಯವರು ಒಡಕಿನಲ್ಲಿ ಹೊರಗೆ ಹೋದರಂತೆ. ಆಗ ಯಾರೋ ಹೆಸರಿನ ಫಲಕ ಬಿಚ್ಚಿದರಂತೆ. ಪೀಠ ಮಾತ್ರ ಇಲ್ಲೇ ಉಳಿಯಿತು.

ಫಲಕ ಮತ್ತೆ ಮಾಡಿಸಿ ಅದೇ ತೂತುಗಳಿಗೆ ಕೂರಿಸಿದೆವು. ಒಡಕಿನ ಬಗ್ಗೆ ಸಂಚಿಕೆಯಲ್ಲಿ ಒಂದು ಪುಟ ಬರೆದೆವು. ಯಾರ ತಪ್ಪು ಅಂತ ತೀರ್ಪು ಕೊಡಲಿಲ್ಲ, ನಡೆದದ್ದನ್ನು ಬರೆದೆವು. ಅಚ್ಚಿಗೆ ಕೊಡುವ ಮೊದಲು, ಒಡೆದು ಹೋದವರ ಸಭೆಯ ಪಾಸ್ಟರಿಗೂ ತೋರಿಸಿದೆವು. ಅವರು ಎರಡು ವಾಕ್ಯ ತಿದ್ದಿಸಿದರು. ಒಂದನ್ನು ಒಪ್ಪಿಕೊಳ್ಳುವುದಕ್ಕೆ ನಮ್ಮ ಹಿರಿಯರಿಗೆ ಕಷ್ಟವಾಯಿತು, ಆದರೂ ಒಪ್ಪಿದರು.

ಆ ದಿನದ ಪ್ರಸಂಗಕ್ಕೆ ನಾನು ಆರಿಸಿಕೊಂಡದ್ದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2ನೇ ಅಧ್ಯಾಯ, ಈಗಿನ ಟರ್ಕಿಯಲ್ಲಿದ್ದ ಎಫೆಸ ಪಟ್ಟಣದ ಸಭೆಗೆ ಬರೆದ ಪತ್ರ. ಅಪೊಸ್ತಲ ಪೌಲನು ಎಫೆಸದಲ್ಲಿ ದುಡಿದದ್ದು ಮೊದಲ ಶತಮಾನದ 50ರ ದಶಕದಲ್ಲಿ. ಪ್ರಕಟನೆ ಪುಸ್ತಕ ಆ ಶತಮಾನದ ಕೊನೆಯ ಹೊತ್ತಿನದು ಅಂತ ಹೆಚ್ಚಿನ ವಿದ್ವಾಂಸರ ಲೆಕ್ಕ. ಅಂದರೆ ಆ ಪತ್ರ ಬಂದಾಗ ಎಫೆಸದ ಸಭೆಗೆ ಹತ್ತಿರ ಹತ್ತಿರ ನಲವತ್ತು ವರ್ಷ, ನಮಗಿಂತ ಸುಮಾರು ಹತ್ತು ವರ್ಷ ಚಿಕ್ಕದು ಅಷ್ಟೇ. ಪತ್ರದಲ್ಲಿ ಮೊದಲು ಮೆಚ್ಚುಗೆ: ದುಡಿದಿದ್ದೀರಿ, ತಾಳಿಕೊಂಡಿದ್ದೀರಿ, ಸುಳ್ಳು ಅಪೊಸ್ತಲರನ್ನು ಗುರುತಿಸಿದ್ದೀರಿ. ಅದಾದ ಮೇಲೆ ಆಕ್ಷೇಪ: ಮೊದಲಿದ್ದ ಪ್ರೀತಿಯನ್ನು ಬಿಟ್ಟಿದ್ದೀರಿ. ನನಗೆ ಇಷ್ಟವಾಗುವುದು ಆ ಕ್ರಮ. ಮೆಚ್ಚುಗೆ ಕಾಟಾಚಾರದ್ದಲ್ಲ, ಆಕ್ಷೇಪಕ್ಕೆ ಸಕ್ಕರೆ ಲೇಪನವೂ ಇಲ್ಲ. ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾವು ಮೊದಲರ್ಧವನ್ನೇ ಎರಡು ಸಲ ಹೇಳಿ ಕೂತುಬಿಡುತ್ತೇವೆ.

ಆ ದಿನ, ಒಡೆದು ಹೋದವರ ಸಭೆಯಿಂದಲೂ ಕೆಲವರು ಬಂದಿದ್ದರು. ಹಿಂದಿನ ಬೆಂಚುಗಳಲ್ಲಿ ಕೂತರು. ಒಬ್ಬರು ಮುಗಿಯುವ ಮೊದಲೇ ಎದ್ದು ಹೋದರು, ಯಾಕೆ ಅಂತ ನಾನು ಕೇಳಲಿಲ್ಲ. ಸ್ತೋತ್ರಗೀತೆ ಹಾಡುವಾಗ ಹುಡುಗರೆಲ್ಲ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರೆ, ಆ ಹುಡುಗಿಯ ಅಜ್ಜಿ ಮತ್ತು ಅಜ್ಜಿಯ ಅಕ್ಕ ಒಂದೇ ಬೆಂಚಿನಲ್ಲಿ ಕೂತು ಅಳುತ್ತಿದ್ದರು. ಎಜ್ರನ ಪುಸ್ತಕದ 3ನೇ ಅಧ್ಯಾಯದಲ್ಲೂ ಹೀಗೇ ಆಗುತ್ತದೆ. ಯೆರೂಸಲೇಮಿನಲ್ಲಿ ಎರಡನೆಯ ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ, ನಾಶವಾಗಿದ್ದ ಮೊದಲ ದೇವಾಲಯವನ್ನು ಕಂಡಿದ್ದ ಮುದುಕರು ಅಳುತ್ತಾರೆ, ಉಳಿದವರು ಕೂಗಿ ಸಂಭ್ರಮಿಸುತ್ತಾರೆ. ಯಾವುದು ಅಳು, ಯಾವುದು ಸಂಭ್ರಮ ಅಂತ ಬೇರ್ಪಡಿಸಿ ಹೇಳಲು ಆಗಲಿಲ್ಲ ಅಂತ ಬರೆದಿದೆ. ನನಗೆ ಏನನ್ನಿಸಿತು ಅಂತ ನೀವು ಕೇಳಿದಿರಲ್ಲ, ಅದಕ್ಕಿಂತ ಹತ್ತಿರದ ಉತ್ತರ ನನ್ನ ಹತ್ತಿರ ಇಲ್ಲ.

ನೀವು ಕಮಿಟಿಯಲ್ಲಿ ಇರುವುದರಿಂದ ಒಂದು ಕೆಲಸದ ಮಾತು. ಅತಿಥಿಗಳ ಪಟ್ಟಿ ಆಮೇಲೆ ಮಾಡಿ, ಮೊದಲು ಹಳೆಯ ಫೋಟೋಗಳನ್ನು ಒಟ್ಟುಮಾಡಿ. ಮುಂದೆ ಕುರ್ಚಿಯಲ್ಲಿ ಕೂತವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಹಿಂದಿನ ಸಾಲಿನವರದ್ದು ಯಾರಿಗೂ ಗೊತ್ತಿರುವುದಿಲ್ಲ. ಸಭೆಯ ವಯಸ್ಸಾದವರ ಮನೆಗೇ ಫೋಟೋ ತೆಗೆದುಕೊಂಡು ಹೋಗಿ ಕೇಳಿ, ಸಾಧ್ಯವಾದರೆ ಇಬ್ಬರನ್ನು ಒಟ್ಟಿಗೆ ಕೂರಿಸಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಸಿಕ್ಕ ಹೆಸರುಗಳನ್ನು ಫೋಟೋ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿ ಬರೆದರೆ ಮುಂಭಾಗದಲ್ಲಿ ಮುಖದ ಮೇಲೇ ಗೀರು ಏಳುತ್ತದೆ. ಈ ಕೆಲಸಕ್ಕೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ, ಅದಕ್ಕೇ ಈಗಲೇ ಶುರು ಮಾಡಿ.